54 ಲೀಟರ್ ಟ್ಯಾಂಕ್‌ನಲ್ಲಿ ನಿಜವಾದ ಗಿಡ: ಮಣ್ಣೋ ಮರಳೋ, ಲೈಟ್ ಎಷ್ಟು ಹೊತ್ತು, ಮೀನು ಯಾವಾಗ?

ಹೊಸಟ್ಯಾಂಕ್

60×30×30 ಸೆಂ.ಮೀ. ಗಾಜಿನ ಟ್ಯಾಂಕ್ ಇದೆ, ಇನ್ನೂ ಖಾಲಿ. ಪ್ಲಾಸ್ಟಿಕ್ ಗಿಡ ಬೇಡ, ಬೆಳೆಯುವ ಗಿಡಗಳೇ ಬೇಕು. ಕೈಯಲ್ಲಿರುವ ಸಾಮಾನು: 24 ವ್ಯಾಟ್ ಎಲ್‌ಇಡಿ ಲೈಟ್ (6500 ಕೆಲ್ವಿನ್), ಗಂಟೆಗೆ 300 ಲೀಟರ್ ಅಂತ ಬರೆದಿರುವ ಹ್ಯಾಂಗ್-ಆನ್ (ಅಂಚಿಗೆ ನೇತುಹಾಕುವ) ಫಿಲ್ಟರ್, 50 ವ್ಯಾಟ್ ಹೀಟರ್, ಒಂದು ಮರದ ಬೇರು, ನಾಲ್ಕೈದು ಕಲ್ಲು, ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್. ನಲ್ಲಿ ನೀರಿನ ಪಿಹೆಚ್ (ಆಮ್ಲೀಯತೆಯ ಅಳತೆ) 7.4, ಕೆಎಚ್ (ಕಾರ್ಬೊನೇಟ್ ಪ್ರಮಾಣ) 2 ಡಿಗ್ರಿ, ಜಿಎಚ್ (ಒಟ್ಟು ಗಡಸುತನ) 4 ಡಿಗ್ರಿ.

ಗೊಂದಲ ಇಷ್ಟು. ತಳಕ್ಕೆ ಆಕ್ವಾ ಸಾಯಿಲ್ (ಗಿಡಕ್ಕೆಂದೇ ಮಾಡಿದ, ಗೊಬ್ಬರ ತುಂಬಿದ ಮಣ್ಣಿನ ಕಾಳು) ಬೇಕೇ ಬೇಕಾ, ಮರಳು ಸಾಲದಾ? ಸಿಒ2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಇಲ್ಲದೆ ಯಾವ ಗಿಡ ಬದುಕುತ್ತೆ? ಲೈಟ್ ಪೆಟ್ಟಿಗೆ ಮೇಲೆ ದಿನಕ್ಕೆ 10–12 ಗಂಟೆ ಅಂತಿದೆ, ಅಷ್ಟು ಬೇಕಾ? ನೀರು ತುಂಬಿ ಎರಡು ದಿನಕ್ಕೆ ಮೀನು ಬಿಡಬಹುದು ಅಂತ ಕೆಲವರು, ತಿಂಗಳು ಕಾಯಿರಿ ಅಂತ ಕೆಲವರು. ಯಾವುದು ಸರಿ? ಬಿಡಬೇಕೆಂದಿರುವ ಮೀನು: ನಿಯಾನ್ ಟೆಟ್ರಾ, ಗಪ್ಪಿ, ಒಂದು ಜೋಡಿ ಏಂಜೆಲ್, ಪಾಚಿ ತಿನ್ನೋಕೆ ಒಂದು ಸಕ್ಕರ್.

ನೀರಗಿಡ

ಮೊದಲು ಲೈಟ್ ವಿಷಯ ಮುಗಿಸೋಣ, ಯಾಕೆಂದರೆ ಹೊಸ ಟ್ಯಾಂಕ್‌ಗಳು ಹೆಚ್ಚಾಗಿ ಹಾಳಾಗುವುದು ಅಲ್ಲೇ. ಲೈಟ್ ಅಂದರೆ ಒಲೆಯ ಉರಿ ಇದ್ದ ಹಾಗೆ. ಉರಿ ಜೋರು ಮಾಡಿದರೆ ಪಾತ್ರೆಗೆ ಬೇರೆಲ್ಲವನ್ನೂ ಅದೇ ಲೆಕ್ಕದಲ್ಲಿ ಹಾಕುತ್ತಿರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಇಲ್ಲಿ ತಳ ಹಿಡಿಯುವುದು ಅಂದರೆ ಪಾಚಿ. ಸಿಒ2 ಇಲ್ಲದ ಟ್ಯಾಂಕ್‌ಗೆ ಲೀಟರ್‌ಗೆ 15ರಿಂದ 25 ಲ್ಯೂಮೆನ್ (ಬೆಳಕಿನ ಅಳತೆ) ಸಾಕು. ನಿಮ್ಮ 24 ವ್ಯಾಟ್ ಲೈಟ್ ಸುಮಾರು 2200 ಲ್ಯೂಮೆನ್ ಕೊಟ್ಟರೂ ಲೀಟರ್‌ಗೆ 40 ದಾಟಿತು. ಡಿಮ್ಮರ್ ಇದ್ದರೆ 50%ಕ್ಕೆ ಇಳಿಸಿ. ಇಲ್ಲದಿದ್ದರೆ ನೀರಿನ ಮೇಲ್ಮೈಯಿಂದ 20 ಸೆಂ.ಮೀ. ಮೇಲಕ್ಕೆ ತೂಗುಹಾಕಿ. ಹೊತ್ತು: ಮೊದಲ ತಿಂಗಳು ದಿನಕ್ಕೆ 6 ಗಂಟೆ, ಆಮೇಲೆ ಗಿಡ ಹೊಸ ಎಲೆ ಬಿಡುತ್ತಿದ್ದು ಗಾಜು ಸ್ವಚ್ಛವಾಗಿದ್ದರೆ ವಾರಕ್ಕೆ ಅರ್ಧ ಗಂಟೆಯಂತೆ 8ರ ತನಕ. ಟೈಮರ್ ಇಲ್ಲದೆ ಶುರು ಮಾಡಲೇಬೇಡಿ. ಕೈಯಲ್ಲಿ ಹಾಕಿ ಆರಿಸುವ ಲೈಟ್ ಒಂದು ದಿನ 5 ಗಂಟೆ, ಇನ್ನೊಂದು ದಿನ 13 ಗಂಟೆ ಉರಿದಿರುತ್ತದೆ. ಕಿಟಕಿಯ ನೇರ ಬಿಸಿಲು ಟ್ಯಾಂಕ್‌ಗೆ ಬೀಳುತ್ತಿದ್ದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ, ಜಾಗ ಬದಲಿಸಿ.

ಗಿಡ. ಮೊದಲ ದಿನವೇ ತಳದ ಮುಕ್ಕಾಲು ಭಾಗ ಮುಚ್ಚುವಷ್ಟು ಹಾಕಿ. ಎರಡು ಗಿಡ ನೆಟ್ಟು ಉಳಿದದ್ದು ಆಮೇಲೆ ಅಂದರೆ, ಖಾಲಿ ಬಿಟ್ಟ ಬೆಳಕು ಗೊಬ್ಬರವನ್ನೆಲ್ಲ ಪಾಚಿ ತಿನ್ನುತ್ತದೆ. ಈ ಅಳತೆಗೆ ಹೀಗೆ ಮಾಡಬಹುದು: ಹಿಂದೆ ಒಂದು ಮೂಲೆಗೆ ವ್ಯಾಲಿಸ್ನೇರಿಯಾ 6–8, ಇನ್ನೊಂದು ಮೂಲೆಗೆ ಹೈಗ್ರೋಫಿಲಾ ಪಾಲಿಸ್ಪರ್ಮಾ 10–12 ಕಡ್ಡಿ, ನಡುವೆ ವಾಟರ್ ವಿಸ್ಟೇರಿಯಾ 5 ಕಡ್ಡಿ. ಮುಂಭಾಗ ಮತ್ತು ನಡುವಿಗೆ ಕ್ರಿಪ್ಟೋಕೊರೈನ್ ವೆಂಡ್ಟಿ 4–5 ಬುಡ. ಮರದ ಬೇರಿಗೆ ಅನುಬಿಯಾಸ್ ನಾನಾ 2, ಜಾವಾ ಫರ್ನ್ 1. ಮೇಲೆ ತೇಲಲು ಒಂದು ಹಿಡಿ ಸಾಲ್ವಿನಿಯಾ. ಈ ಸಾಲ್ವಿನಿಯಾವನ್ನು ಹಾಕದೆ ಇರಬೇಡಿ, ಅದಕ್ಕೆ ಗಾಳಿಯ ಸಿಒ2 ನೇರವಾಗಿ ಸಿಗುವುದರಿಂದ ಎಲ್ಲಕ್ಕಿಂತ ಬೇಗ ಬೆಳೆದು ಮೀನಿಗೆ ವಿಷವಾದ ಅಮೋನಿಯಾ ಹೀರುತ್ತದೆ. ಅದು ಅರ್ಧಕ್ಕಿಂತ ಹೆಚ್ಚು ಮೇಲ್ಮೈ ಮುಚ್ಚಿದಾಗ ಮುಷ್ಟಿಗಟ್ಟಲೆ ತೆಗೆದು ಬಿಸಾಡಿ. ಆದರೆ ಹೊರಗಿನ ಕೆರೆ, ಕಾಲುವೆಗಳಿಗೆ ಹಾಕಬೇಡಿ, ಇಡೀ ನೀರನ್ನೇ ಮುಚ್ಚಿಬಿಡುವ ಜಾತಿ ಅದು.

ನೆಡುವಾಗ: ಕುಂಡದ ಹತ್ತಿಯಂಥ ನಾರನ್ನು ಪೂರ್ತಿ ಬಿಡಿಸಿ, ಬೇರನ್ನು 2–3 ಸೆಂ.ಮೀ.ಗೆ ಕತ್ತರಿಸಿ. ಕಡ್ಡಿ ಗಿಡಗಳ ಕೆಳಗಿನ ಎರಡು ಗೆಣ್ಣಿನ ಎಲೆ ತೆಗೆದು, ಒಂದೊಂದನ್ನೇ 2 ಸೆಂ.ಮೀ. ಅಂತರದಲ್ಲಿ ಚಿಮ್ಮಟದಿಂದ ಓರೆಯಾಗಿ ಚುಚ್ಚಿ. ನೇರ ಚುಚ್ಚಿದರೆ ನೀರು ತುಂಬುವಾಗ ಎದ್ದು ತೇಲುತ್ತವೆ. ಅನುಬಿಯಾಸ್ ಮತ್ತು ಜಾವಾ ಫರ್ನ್‌ನ ದಪ್ಪ ಅಡ್ಡಕಾಂಡವನ್ನು ಮಾತ್ರ ಹೂಳಬೇಡಿ, ಕೊಳೆಯುತ್ತದೆ. ದಾರದಿಂದ ಕಟ್ಟಿ, ಅಥವಾ ಜೆಲ್ ರೂಪದ ಸೂಪರ್ ಗ್ಲೂನಲ್ಲಿ ಎರಡು ಹನಿ. ಒಣಗಿದ ಮೇಲೆ ಅದು ನೀರಿಗೆ ನಿರುಪದ್ರವಿ.

ತಳಕ್ಕೆ ಆಕ್ವಾ ಸಾಯಿಲ್ ಹಾಕಿ ಅನ್ನುವುದು ನನ್ನ ಮತ. ಬೇರಿನ ಗಿಡ ಎರಡು ಪಟ್ಟು ಸುಲಭ.

ಕಲ್ಲುಮರಳು

ಸಾಯಿಲ್ ವಿಷಯದಲ್ಲಿ ಒಪ್ಪಲ್ಲ. ಸಾಯಿಲ್ ಒಳ್ಳೆಯದೇ, ಆದರೆ ಮೊದಲ ಟ್ಯಾಂಕ್‌ಗೆ ಅಲ್ಲ. ಗೊಬ್ಬರ ತುಂಬಿದ ಸಾಯಿಲ್ ಮೊದಲ ಎರಡು ಮೂರು ವಾರ ಅಮೋನಿಯಾ ಬಿಡುತ್ತದೆ, ಆಗ ದಿನ ಬಿಟ್ಟು ದಿನ 50% ನೀರು ಬದಲಿಸುತ್ತಿರಬೇಕು. ಅದು ಕೆಎಚ್ ಅನ್ನೂ ಎಳೆದುಕೊಳ್ಳುತ್ತದೆ. ನಿಮ್ಮ ನೀರಲ್ಲಿ ಇರುವುದೇ 2 ಡಿಗ್ರಿ. ಗಿಡ ಕಿತ್ತು ಬೇರೆ ಕಡೆ ನೆಡಬೇಕು ಅಂತ ಹೊಸಬರಿಗೆ ಅನಿಸುತ್ತಲೇ ಇರುತ್ತದೆ, ಪ್ರತಿ ಸಲವೂ ಕಾಳು ಒಡೆದು ನೀರು ಕೆಸರಾಗುತ್ತದೆ.

1–2 ಮಿ.ಮೀ. ಕಾಳಿನ ಮರಳು ತನ್ನಿ. ಅದಕ್ಕಿಂತ ನುಣುಪಾದದ್ದು ಬಿಗಿದುಕೊಂಡು ಬೇರಿಗೆ ಉಸಿರು ಕಟ್ಟುತ್ತದೆ, 4 ಮಿ.ಮೀ. ದಾಟಿದರೆ ತಿಂಡಿಯ ಚೂರು ಸಂದಿಗೆ ಇಳಿದು ಕೊಳೆಯುತ್ತದೆ. ಮುಂದೆ 3 ಸೆಂ.ಮೀ., ಹಿಂದೆ 7 ಸೆಂ.ಮೀ., ಸರಾಸರಿ 5. ಲೆಕ್ಕ: 60×30×5 = 9000 ಘನ ಸೆಂ.ಮೀ., ಅಂದರೆ 9 ಲೀಟರ್ ಮರಳು, ತೂಕ ಸುಮಾರು 14 ಕೆ.ಜಿ. ನೀರು ತಿಳಿಯಾಗುವ ತನಕ ಬಕೆಟ್‌ನಲ್ಲಿ ತೊಳೆಯಿರಿ, ಹತ್ತು ಹನ್ನೆರಡು ಸಲ ಆಗುತ್ತೆ, ಬೇಸರ ಪಡಬೇಡಿ. (ಸಾಯಿಲ್ ತಂದರೆ ಮಾತ್ರ ತೊಳೆಯಲೇಬಾರದು.) ಮರಳಿನಲ್ಲಿ ಗೊಬ್ಬರ ಇಲ್ಲ, ಹಾಗಾಗಿ ಕ್ರಿಪ್ಟ್ (ಕ್ರಿಪ್ಟೋಕೊರೈನ್) ಮತ್ತು ವ್ಯಾಲಿಸ್ನೇರಿಯಾ ಬುಡದಲ್ಲಿ 10–15 ಸೆಂ.ಮೀ.ಗೊಂದು ರೂಟ್ ಟ್ಯಾಬ್ (ಗೊಬ್ಬರದ ಗುಳಿಗೆ) ಪೂರ್ತಿ ಆಳಕ್ಕೆ ಒತ್ತಿ. ಮೂರು ತಿಂಗಳಿಗೊಮ್ಮೆ ಮತ್ತೆ.

ಕಲ್ಲಿನ ಮೇಲೆ ವಿನೆಗರ್ ಹನಿಸಿ ನೋಡಿ. ಗುಳ್ಳೆ ಬಂದರೆ ಸುಣ್ಣಕಲ್ಲು, ನೀರಿನ ಗಡಸುತನ ಏರಿಸುತ್ತಲೇ ಇರುತ್ತದೆ. ಮರದ ಬೇರನ್ನು ವಾರವಾದರೂ ನೆನೆಸಿ, ಮುಳುಗುತ್ತದೋ ನೋಡಿಕೊಳ್ಳಿ. ಚಹಾ ಬಣ್ಣ ಬಿಡುತ್ತದೆ, ಅದರಿಂದ ತೊಂದರೆ ಇಲ್ಲ.

ಸ್ಟ್ಯಾಂಡ್ ಮಟ್ಟವಾಗಿದೆಯೇ? ಎಲ್ಲ ಸೇರಿ 65–70 ಕೆ.ಜಿ. ಆಗುತ್ತದೆ. ಅಂಚುಪಟ್ಟಿ ಇಲ್ಲದ ಟ್ಯಾಂಕ್ ಆದರೆ ಕೆಳಗೆ 5 ಮಿ.ಮೀ. ಫೋಮ್ ಹಾಳೆ ಹಾಕಿ, ಇಲ್ಲದಿದ್ದರೆ ಒಂದು ಮರಳು ಕಾಳು ಸಿಕ್ಕಿಕೊಂಡರೂ ಗಾಜಿಗೆ ಬಿರುಕು. ವೈರ್‌ಗಳು ಸಾಕೆಟ್‌ಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಲಿ, ಜಾರಿ ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಫಿಲ್ಟರ್ ಜೊತೆ ಬಂದಿರುವ ಕಾರ್ಬನ್ ಕಾರ್ಟ್ರಿಜ್ ತೆಗೆದಿಟ್ಟು ಆ ಜಾಗಕ್ಕೆ ಒರಟು ಸ್ಪಂಜು ಕತ್ತರಿಸಿ ತುರುಕಿ. 'ತಿಂಗಳಿಗೊಮ್ಮೆ ಬದಲಿಸಿ' ಅಂತ ಬರೆದಿರುತ್ತಾರೆ. ಬದಲಿಸಿದ ದಿನ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾದ ಬಹುಪಾಲು ಕಸದ ಬುಟ್ಟಿಗೆ ಹೋಯಿತು ಅಂತಲೇ ಲೆಕ್ಕ.

ಅಳತೆಗೋಲು

ಮರಳಿನ ಪರವಾಗಿ ನನ್ನದೂ ಒಂದು ಮತ. ಇನ್ನು ಮೀನು ಯಾವಾಗ ಅನ್ನುವ ಪ್ರಶ್ನೆ. ಎರಡು ದಿನವೂ ಅಲ್ಲ, ತಿಂಗಳೂ ಅಲ್ಲ, ಟೆಸ್ಟ್ ಕಿಟ್ ಹೇಳಿದಾಗ. ಎರಡು ದಿನ ನೀರು ಇಟ್ಟರೆ ಹೋಗುವುದು ಕ್ಲೋರಿನ್ ಮಾತ್ರ. ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಇದ್ದರೆ ಅದೂ ಹೋಗುವುದಿಲ್ಲ, ಡೀಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ಔಷಧಿ) ಹಾಕಲೇಬೇಕು.

ನಡೆಯಬೇಕಾದದ್ದು ಇದು: ಮೀನಿನ ಹಿಕ್ಕೆ, ಉಸಿರು, ಉಳಿದ ತಿಂಡಿಯಿಂದ ಬರುವ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಗಿಡಕ್ಕೆ ಊಟ. ಈ ಬ್ಯಾಕ್ಟೀರಿಯಾ ಸ್ಪಂಜು, ಮರಳು, ಎಲೆಗಳ ಮೇಲೆ ನೆಲೆಸಲು ಸಾಮಾನ್ಯವಾಗಿ 4–6 ವಾರ ಬೇಕು. ಬೇರೆಯವರ ಆರೋಗ್ಯವಂತ ಟ್ಯಾಂಕ್‌ನ ಫಿಲ್ಟರ್ ಸ್ಪಂಜಿನ ತುಂಡು ಸಿಕ್ಕಿದರೆ ನಿಮ್ಮ ಫಿಲ್ಟರ್‌ಗೆ ಹಾಕಿ, ಸಮಯ ಅರ್ಧಕ್ಕೂ ಇಳಿಯಬಹುದು. ಹಳೆಯ ಟ್ಯಾಂಕ್‌ನ ನೀರು ತಂದು ಸುರಿದರೆ ಉಪಯೋಗ ಇಲ್ಲ, ನೀರಲ್ಲಿ ಅವು ಇರುವುದು ಬಹಳ ಕಡಿಮೆ.

ಮುಖ್ಯ ವಿಷಯ, 54 ಲೀಟರ್ ಅನ್ನುವುದು ಟ್ಯಾಂಕ್‌ನ ಹೊರ ಅಳತೆ. 9 ಲೀಟರ್ ಮರಳು, ಮೇಲೆ ಬಿಡುವ 3 ಸೆಂ.ಮೀ., ಕಲ್ಲು, ಬೇರು ಕಳೆದರೆ ನಿಜವಾದ ನೀರು 40 ಲೀಟರ್ ಆಸುಪಾಸು. ಔಷಧಿ, ಗೊಬ್ಬರ ಏನೇ ಹಾಕಿದರೂ 40ರ ಲೆಕ್ಕಕ್ಕೆ ಹಾಕಿ.

ಮೀನಿಲ್ಲದೆ ಸೈಕಲ್ ಮಾಡುವ, ಅಂದರೆ ಈ ಬ್ಯಾಕ್ಟೀರಿಯಾ ನೆಲೆಸುವಂತೆ ಮಾಡುವ ಕ್ರಮ: ಗಿಡ ನೆಟ್ಟು, ಫಿಲ್ಟರ್ ಓಡಿಸಿ, ಹೀಟರ್ 26 ಡಿಗ್ರಿಗೆ ಇಡಿ. ಮೂರು ನಾಲ್ಕು ದಿನ ಬಿಟ್ಟು 0.25 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿ ಹಾಕಿ. 40 ಲೀಟರ್‌ಗೆ ಅದು 2 ಪಿಪಿಎಂ (ಲೀಟರ್‌ಗೆ 2 ಮಿ.ಗ್ರಾಂ) ಅಮೋನಿಯಾ. ಅಷ್ಟು ಸಣ್ಣ ತೂಕ ಅಳೆಯಲು ಆಗದಿದ್ದರೆ 5 ಗ್ರಾಂ ಪುಡಿಯನ್ನು ನೀರಲ್ಲಿ ಕರಗಿಸಿ ಒಟ್ಟು 200 ಮಿ.ಲೀ. ಮಾಡಿ, ಅದರಲ್ಲಿ 10 ಮಿ.ಲೀ. ಹಾಕಿದರೆ ಸರಿಯಾಯಿತು. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಅಮೋನಿಯಾ 0.25ಕ್ಕೆ ಇಳಿದಾಗ ಮಾತ್ರ ಮತ್ತೆ 10 ಮಿ.ಲೀ. ಹಾಕಿ. ಹಾಗೆ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದರೆ ಮುಗಿಯಿತು. ಅಮೋನಿಯಾ ಮಾತ್ರ ಸೊನ್ನೆಯಾದಾಗ ಸಂಭ್ರಮಪಟ್ಟು ಮೀನು ತರಬೇಡಿ, ನೈಟ್ರೈಟ್ ಇಳಿಯುವುದು ಯಾವಾಗಲೂ ತಡ.

ಇನ್ನೊಂದು: ನೈಟ್ರೇಟ್ ಟೆಸ್ಟ್‌ನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಿ. ಪುಡಿ ತಳದಲ್ಲಿ ಕೂತಿರುತ್ತದೆ, ಕುಲುಕದಿದ್ದರೆ ಯಾವಾಗಲೂ ಸೊನ್ನೆಯೇ ತೋರಿಸುತ್ತದೆ.

ಹೊಸಟ್ಯಾಂಕ್

ಮರಳು, ರೂಟ್ ಟ್ಯಾಬ್, ಮೇಲಿನ ಪಟ್ಟಿಯ ಗಿಡಗಳು, ಲೈಟ್ 6 ಗಂಟೆ. ಇವತ್ತಿಗೆ 24 ದಿನ. ಈಗಿನ ಸ್ಥಿತಿ ಹೀಗಿದೆ:

ಅಮೋನಿಯಾ ದ್ರಾವಣ ಇವತ್ತಿನ ತನಕ ನಾಲ್ಕು ಸಲ ಹಾಕಿದ್ದೇನೆ. ಮೊದಲ ಮೂರು ಇಳಿದವು, ನಾಲ್ಕನೆಯದು ಐದು ದಿನದಿಂದ 2ರಲ್ಲೇ ನಿಂತಿದೆ. ನೈಟ್ರೈಟ್ ಬಣ್ಣ ಕಾರ್ಡ್‌ನ ಕೊನೆಯ ಬಣ್ಣಕ್ಕಿಂತ ಗಾಢ. ಪಿಹೆಚ್ 6.2. ಕ್ರಿಪ್ಟ್ ಎಲೆಗಳೆಲ್ಲ ಗಾಜಿನಂತೆ ಪಾರದರ್ಶಕವಾಗಿ ಕರಗಿವೆ, ವಿಸ್ಟೇರಿಯಾದ ಕೆಳಗಿನ ಎಲೆಗಳೂ ಅಷ್ಟೇ. ಮರದ ಬೇರಿನ ಮೇಲೆ ಬಿಳಿ ಲೋಳೆ. ಗಾಜು, ಮರಳಿನ ಮೇಲೆ ಕಂದು ಧೂಳು, ಒರೆಸಿದರೆ ಹೋಗುತ್ತೆ, ನಾಲ್ಕು ದಿನಕ್ಕೆ ಮತ್ತೆ ಬರುತ್ತೆ. ಎಲ್ಲ ತೆಗೆದು ಹೊಸದಾಗಿ ಶುರು ಮಾಡಬೇಕಾ?

ನೀರಗಿಡ

ಏನನ್ನೂ ಕೀಳಬೇಡಿ!

ನರ್ಸರಿಯಲ್ಲಿ ಈ ಗಿಡಗಳನ್ನು ಹೆಚ್ಚಾಗಿ ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತಾರೆ. ಗಾಳಿಯ ಎಲೆ ನೀರೊಳಗೆ ಉಸಿರಾಡಲಾರದು, ಗಿಡ ಅದನ್ನು ಕಳಚಿ ನೀರಿಗೆ ಒಗ್ಗುವ ತೆಳು ಎಲೆ ಬಿಡುತ್ತದೆ. ಕ್ರಿಪ್ಟ್‌ಗಂತೂ ಜಾಗ ಬದಲಾದರೂ ಸಾಕು, ಎಲ್ಲ ಎಲೆ ಕರಗಿಸಿಕೊಂಡು ಕೂರುತ್ತದೆ. ಬುಡವನ್ನು ಬೆರಳಿಂದ ಮೆಲ್ಲನೆ ಅಲುಗಿಸಿ ನೋಡಿ. ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಬೇರು ಜೀವಂತ, ಎರಡು ಮೂರು ವಾರದಲ್ಲಿ ಸುರುಳಿ ಬಿಚ್ಚುವ ಎಲೆ ಕಾಣುತ್ತದೆ. ಕರಗಿದ ಎಲೆಗಳನ್ನು ಮಾತ್ರ ಕತ್ತರಿಸಿ ಹೊರಗೆ ಹಾಕಿ, ಅಲ್ಲೇ ಕೊಳೆತರೆ ಅದೂ ಅಮೋನಿಯಾವೇ. ವಿಸ್ಟೇರಿಯಾದ ತುದಿ ಹಸಿರಾಗಿದ್ದರೆ ತುದಿಯ 10 ಸೆಂ.ಮೀ. ಕತ್ತರಿಸಿ ಮತ್ತೆ ನೆಡಿ, ಬೋಳು ಬುಡ ಬಿಸಾಡಿ.

ಕಂದು ಧೂಳು ಡಯಾಟಮ್. ಹೊಸ ಟ್ಯಾಂಕ್‌ನ ಮೊದಲ ಎರಡು ತಿಂಗಳಲ್ಲಿ ಬರುವುದು, ತಾನೇ ಹೋಗುವುದು. ಒರೆಸಿ, ನೀರು ಬದಲಿಸುವಾಗ ಪೈಪಿನಿಂದ ಎಳೆದುಬಿಡಿ. ಬೇರಿನ ಬಿಳಿ ಲೋಳೆಯೂ ಹಾಗೇ, ಮರದ ಸಕ್ಕರೆ ಅಂಶ ತಿನ್ನುವ ಸೂಕ್ಷ್ಮಜೀವಿಗಳು. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಪಾಚಿ ಹೋಗಲಿ ಅಂತ 'ಲಿಕ್ವಿಡ್ ಕಾರ್ಬನ್' ಬಾಟಲಿ ತರಬೇಡಿ. ಅದರಲ್ಲಿರುವುದು ಗ್ಲುಟರಾಲ್ಡಿಹೈಡ್, ನಿಮ್ಮ ವ್ಯಾಲಿಸ್ನೇರಿಯಾ ಅದಕ್ಕೆ ಕರಗಿ ಹೋಗಬಹುದು.

ಅಳತೆಗೋಲು

ಸೈಕಲ್ ನಿಂತದ್ದಕ್ಕೆ ಕಾರಣ ಕೆಎಚ್. ಬ್ಯಾಕ್ಟೀರಿಯಾ ಅಮೋನಿಯಾ ಸುಡುವಾಗ ಆಮ್ಲ ಹುಟ್ಟುತ್ತದೆ, ಅದನ್ನು ತಟಸ್ಥಗೊಳಿಸಲು ಕಾರ್ಬೊನೇಟ್ ಖರ್ಚಾಗುತ್ತದೆ. 2 ಪಿಪಿಎಂ ಅಮೋನಿಯಾ ಪೂರ್ತಿ ಮುಗಿದರೆ ಕೆಎಚ್ ಸುಮಾರು 0.65 ಡಿಗ್ರಿ ಇಳಿಯುತ್ತದೆ. ಮೊದಲ ಮೂರು ಸಲ ಹಾಕಿದ್ದು ಇಳಿಯುವಷ್ಟರಲ್ಲಿ 2 ಡಿಗ್ರಿ ಮುಗಿಯಿತು, ನಿಮ್ಮಲ್ಲಿ ಇದ್ದದ್ದೇ ಅಷ್ಟು. ಆಮೇಲೆ ಪಿಹೆಚ್ ಜಾರಿತು, 6.5ರ ಕೆಳಗೆ ಈ ಬ್ಯಾಕ್ಟೀರಿಯಾ ಬಹಳ ನಿಧಾನವಾಗುತ್ತವೆ. ಸತ್ತಿಲ್ಲ.

ಮಾಡಬೇಕಾದದ್ದು: ಹೀಟರ್ ಆರಿಸಿ (ನೀರಿನಿಂದ ಹೊರಗೆ ಉರಿದರೆ ಗಾಜು ಒಡೆಯುತ್ತದೆ), 50% ನೀರು ಬದಲಿಸಿ. ನೈಟ್ರೈಟ್ ಕೂಡ ಅರ್ಧವಾಗುತ್ತದೆ. ಕೆಎಚ್ 1ರ ಹತ್ತಿರ ಬರುತ್ತದೆ, ಅದನ್ನು 4 ಮಾಡಲು ಅಡುಗೆ ಸೋಡಾ: 40 ಲೀಟರ್‌ಗೆ ಒಂದು ಡಿಗ್ರಿಗೆ 1.2 ಗ್ರಾಂ, ಅಂದರೆ 3.6 ಗ್ರಾಂ, ಒಂದು ಲೋಟ ನೀರಲ್ಲಿ ಕರಗಿಸಿ ಹಾಕಿ. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ಆಮ್ಲ, ಪಿಷ್ಟ ಬೆರೆತಿರುತ್ತದೆ. ನೈಟ್ರೈಟ್ ಕಾರ್ಡ್ ಒಳಗೆ ಇಳಿಯುವ ತನಕ ಅಮೋನಿಯಾ ಹಾಕಬೇಡಿ.

ಟ್ಯಾಂಕ್‌ನಲ್ಲಿ ಮೀನು ಇದ್ದಿದ್ದರೆ ಇದನ್ನು ಹೀಗೆ ಒಮ್ಮೆಲೇ ಮಾಡುವಂತಿಲ್ಲ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ನಿಜಕ್ಕೂ ವಿಷವಾದ ಭಾಗ 25 ಡಿಗ್ರಿ ಶಾಖದಲ್ಲಿ, ಪಿಹೆಚ್ 7ಕ್ಕೆ ಸುಮಾರು 0.6%, ಪಿಹೆಚ್ 8ಕ್ಕೆ 5% ದಾಟುತ್ತದೆ. 6.2ರಲ್ಲಿ ಮೀನು ಸುಮ್ಮನೆ ಈಜುತ್ತಿರುತ್ತದೆ, ಪಿಹೆಚ್ ಒಮ್ಮೆಲೇ ಏರಿಸಿದ ರಾತ್ರಿ ಸಾಯುತ್ತದೆ. 'ನೀರು ಬದಲಿಸಿದ್ದಕ್ಕೇ ಮೀನು ಸತ್ತಿತು' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಕಲ್ಲುಮರಳು

ಮೀನಿನ ಪಟ್ಟಿ ಬಗ್ಗೆ ಯಾರೂ ಹೇಳಲಿಲ್ಲ. ಏಂಜೆಲ್ ಬೇಡ, ಎತ್ತರಕ್ಕೆ ಬೆಳೆಯುವ ಮೀನು, 45 ಸೆಂ.ಮೀ. ಆಳ ಬೇಕು, ದೊಡ್ಡದಾದ ಮೇಲೆ ನಿಯಾನ್‌ಗಳನ್ನು ನುಂಗುತ್ತದೆ. ಸಕ್ಕರ್ ಅಂತ ಮಾರುವುದು ಹೆಚ್ಚಾಗಿ ಸಾಮಾನ್ಯ ಪ್ಲೆಕೊ, 30 ಸೆಂ.ಮೀ. ದಾಟುತ್ತದೆ. ಗಪ್ಪಿಗೆ ಗಡಸು ನೀರು ಇಷ್ಟ, ನಿಮ್ಮದು ಮೆತ್ತನೆಯ ನೀರು. ಗಂಡು ಹೆಣ್ಣು ಎರಡೂ ಇದ್ದರೆ ಮೂರು ತಿಂಗಳಿಗೆ ಎಣಿಸಲು ಆಗಲ್ಲ. ನಿಯಾನ್ ನೀರಿಗೆ ಹೊಂದುತ್ತದೆ, ಆದರೆ ಹೊಸ ಟ್ಯಾಂಕ್‌ನಲ್ಲಿ ಬೇಗ ಸಾಯುವ ಮೀನು. ಎಂಬರ್ ಟೆಟ್ರಾ 10 ತನ್ನಿ, ಎರಡು ಸೆಂ.ಮೀ. ಮೀನು, ಹಸಿರಿನ ಮುಂದೆ ಕೆಂಡದ ಹಾಗೆ ಕಾಣುತ್ತದೆ. ಮೊದಲು 5, ಎರಡು ವಾರ ಬಿಟ್ಟು 5. ಟ್ಯಾಂಕ್‌ಗೆ ಮೂರು ತಿಂಗಳಾದ ಮೇಲೆ ತಳಕ್ಕೆ ಪಿಗ್ಮಿ ಕೊರಿಡೊರಾಸ್ 6, ಅಥವಾ ಚೆರ್ರಿ ಸೀಗಡಿ 10. ಸೀಗಡಿ ಇದ್ದರೆ ತಾಮ್ರ ಇರುವ ಔಷಧಿ ಯಾವತ್ತೂ ಹಾಕುವಂತಿಲ್ಲ.

ತಿಂಡಿ ಒಂದು ನಿಮಿಷದಲ್ಲಿ ಖಾಲಿಯಾಗುವಷ್ಟು, ದಿನಕ್ಕೊಮ್ಮೆ.

ಹೊಸಟ್ಯಾಂಕ್

41ನೇ ದಿನ: 10 ಮಿ.ಲೀ. ಹಾಕಿ 24 ಗಂಟೆಗೆ ಅಮೋನಿಯಾ 0, ನೈಟ್ರೈಟ್ 0, ಪಿಹೆಚ್ 7.3. ನೈಟ್ರೇಟ್ 80. ಕ್ರಿಪ್ಟ್‌ನಲ್ಲಿ ಹೊಸ ಎಲೆ ಬಂದಿದೆ. ನಾಳೆ ಮೀನು ತರಬಹುದಾ? ದ್ರವ ಗೊಬ್ಬರ ಯಾವಾಗ ಶುರು ಮಾಡಲಿ?

ಅಳತೆಗೋಲು

ನೈಟ್ರೇಟ್ 80 ಹೆಚ್ಚು. ಇವತ್ತು 50%, ನಾಳೆ 50% ಬದಲಿಸಿದರೆ 20ಕ್ಕೆ ಬರುತ್ತದೆ, ಆಮೇಲೆ ತನ್ನಿ. ತರುವುದು ಎರಡು ಮೂರು ದಿನಕ್ಕಿಂತ ತಡವಾದರೆ ನಡುವೆ 2–3 ಮಿ.ಲೀ. ಅಮೋನಿಯಾ ದ್ರಾವಣ ಹಾಕುತ್ತಿರಿ, ಬ್ಯಾಕ್ಟೀರಿಯಾಗೆ ಉಪವಾಸ ಬೇಡ. ಮೀನು ಬಂದ ಮೇಲೆ ಆ ಬಾಟಲಿಯನ್ನು ಟ್ಯಾಂಕ್ ಹತ್ತಿರ ಇಡಬೇಡಿ.

ಗೊಬ್ಬರ: ನೈಟ್ರೇಟ್ 5ಕ್ಕಿಂತ ಕೆಳಗೆ ಇಳಿದಾಗ ಮಾತ್ರ. ಆಗ 8 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 0.7 ಗ್ರಾಂ ಮೋನೊಪೊಟ್ಯಾಸಿಯಂ ಫಾಸ್ಫೇಟ್ ಕರಗಿಸಿ ಒಟ್ಟು 250 ಮಿ.ಲೀ. ಮಾಡಿಟ್ಟುಕೊಂಡು, ವಾರದ ನೀರು ಬದಲಾವಣೆ ಆದ ಮೇಲೆ 10 ಮಿ.ಲೀ. ಅದರಿಂದ ನೈಟ್ರೇಟ್ ಸುಮಾರು 5 ಪಿಪಿಎಂ, ಫಾಸ್ಫೇಟ್ 0.5, ಪೊಟ್ಯಾಸಿಯಂ 3 ಸೇರುತ್ತದೆ. ಕಬ್ಬಿಣ ಇರುವ ಸೂಕ್ಷ್ಮ ಪೋಷಕಾಂಶದ ಬಾಟಲಿಯನ್ನು ಈಗಿನಿಂದಲೇ ಶುರು ಮಾಡಬಹುದು, ಲೇಬಲ್‌ನ ಅರ್ಧ ಪ್ರಮಾಣ ಸಾಕು. ಎರಡನ್ನೂ ಒಂದೇ ಬಾಟಲಿಗೆ ಬೆರೆಸಬೇಡಿ, ಕಬ್ಬಿಣ ಫಾಸ್ಫೇಟ್ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಹಳೆ ಎಲೆಯಲ್ಲಿ ಸೂಜಿಮೊನೆ ತೂತು ಬಂದರೆ ಪೊಟ್ಯಾಸಿಯಂ ಸಾಲದು, ಹೊಸ ಎಲೆ ಬಿಳಿಚಿಕೊಂಡರೆ ಕಬ್ಬಿಣ.

ಇನ್ನು ಮುಂದೆ ವಾರಕ್ಕೆ 25–30%, ಅಂದರೆ 10–12 ಲೀಟರ್. ಹೊಸ ನೀರಿನ ಶಾಖ ಎರಡು ಡಿಗ್ರಿಗಿಂತ ವ್ಯತ್ಯಾಸ ಇರಬಾರದು, ಪ್ರತಿ 10 ಲೀಟರ್‌ಗೆ ಸೋಡಾ 0.6 ಗ್ರಾಂ ಸೇರಿಸಿದರೆ ಕೆಎಚ್ 4ರಲ್ಲೇ ಇರುತ್ತದೆ. ಆವಿಯಾದಷ್ಟು ನೀರು ಮೇಲಿಂದ ತುಂಬುವಾಗ ಸೋಡಾ ಬೇಡ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿದಿರುತ್ತದೆ.

ಕಲ್ಲುಮರಳು

ಚೀಲವನ್ನು 15 ನಿಮಿಷ ತೇಲಿಸಿ, ಆಮೇಲೆ ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕ್ ನೀರನ್ನು ಚೀಲಕ್ಕೆ ಹಾಕುತ್ತ ಅರ್ಧ ಗಂಟೆ. ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ, ಚೀಲದ ನೀರು ಟ್ಯಾಂಕ್‌ಗೆ ಹೋಗಬಾರದು. ಆ ದಿನ ಲೈಟ್ ಹಾಕಬೇಡಿ, ತಿಂಡಿಯೂ ಬೇಡ. ಟ್ಯಾಂಕ್‌ಗೆ ಮುಚ್ಚಳ ಇದೆಯಾ ನೋಡಿಕೊಳ್ಳಿ, ಹೊಸ ಮೀನು ಮೊದಲ ರಾತ್ರಿಯೇ ಹಾರುತ್ತದೆ.